ಸಾಗುವ ಮನೆ, ಕಾಯಂ ವಿಳಾಸ



ನೀಲಗಿರಿಯ ಇತ್ತೀಚಿನ ಇನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ, ವರ್ಷವರ್ಷವೂ ತಪ್ಪದೆ ಗಂಟುಮೂಟೆ ಕಟ್ಟಿ ಮನೆ ಬದಲಿಸುತ್ತಿದ್ದ ಎರಡು ಗುಂಪುಗಳು ಎದ್ದು ಕಾಣುತ್ತವೆ. ಒಂದು, ಎಮ್ಮೆಗಳ ಹಿಂದೆ ಕುಂದಾ ಬೆಟ್ಟಗಳತ್ತ ಹೊರಡುತ್ತಿದ್ದ ತೋಡರು. ಇನ್ನೊಂದು, ಕಡತಗಳನ್ನು ಹೊರಿಸಿಕೊಂಡು ಮದ್ರಾಸಿನಿಂದ ಉದಕಮಂಡಲಕ್ಕೆ ಹತ್ತಿ ಬರುತ್ತಿದ್ದ ಸರ್ಕಾರ. ಇಬ್ಬರೂ ಹವಾಮಾನ ನೋಡಿಯೇ ಹೊರಡುತ್ತಿದ್ದರು, ಇಬ್ಬರಿಗೂ ಎರಡೂ ಕಡೆ ಮನೆಗಳಿದ್ದವು. ಆದರೂ ಮೊದಲಿನವರನ್ನು ದಾಖಲೆಗಳು ಅಲೆಮಾರಿ ದನಗಾಹಿಗಳೆಂದು ಬರೆದುಕೊಂಡವು, ಎರಡನೆಯದಕ್ಕೆ ಬೇಸಿಗೆಯ ರಾಜಧಾನಿ ಎಂಬ ಹೆಸರು ಬಂತು. ಚಲಿಸುವ ಬದುಕನ್ನು ಜಗತ್ತಿನ ಬೇರೆ ಬೇರೆ ದೇಶಗಳು ಹೇಗೆ ಕಾಣುತ್ತವೆ ಎಂಬ ಇಂದಿನ ವಿಷಯಕ್ಕೆ ಈ ಜಿಲ್ಲೆಯಿಂದಲೇ ಪ್ರವೇಶ ಮಾಡುವುದಕ್ಕೆ ನನಗೆ ಇದೇ ಕಾರಣ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ರಾಜ್ಯವ್ಯವಸ್ಥೆಯೂ ಜನ ಓಡಾಡುವುದಕ್ಕೆ ಹೆದರುವುದಿಲ್ಲ. ಅದಕ್ಕೆ ಅಂಜಿಕೆ ಇರುವುದು ವಿಳಾಸವಿಲ್ಲದವರ ಬಗ್ಗೆ. ಎಲ್ಲೋ ಒಂದು ಕಡೆ ನೋಂದಾಯಿತ ಮನೆ ಇಟ್ಟುಕೊಂಡು ಚಕ್ರದ ಮೇಲೆ ಊರೂರು ತಿರುಗುವವನು ಪ್ರವಾಸಿ. ಅಂಥ ಮನೆ ಇಲ್ಲದೆ ಅದೇ ದಾರಿಯಲ್ಲಿ ಹೋಗುವವನ ಮೇಲೆ ಅನುಮಾನ. ಸಾಗುವ ಮನೆಗೆ ಸಿಗುವ ಮರ್ಯಾದೆ ಹಿಂದೆ ಬಿಟ್ಟುಬಂದ ನಿಂತ ಮನೆಯ ಬಲದಿಂದ ಬರುತ್ತದೆ. ಇದನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ತಾವು ಉದಾಹರಣೆಗಳನ್ನು ಕೇಳಿದ ಮೇಲೆ ನಿರ್ಧರಿಸಬಹುದು.

ತೋಡರಿಂದ ಆರಂಭಿಸೋಣ. ಊಟಿಯ ಸಸ್ಯೋದ್ಯಾನದ ಮೇಲ್ಭಾಗದಲ್ಲಿ ಪ್ರವಾಸಿಗಳು ಇಣುಕಿ ನೋಡುವ, ಉರುಳೆಯನ್ನು ಉದ್ದಕ್ಕೆ ಸೀಳಿ ಕವುಚಿಟ್ಟಂತಹ ಆ ಮನೆಯ ಆಕಾರ ಎಲ್ಲರಿಗೂ ಪರಿಚಿತ. ಬಾಗಿಸಿದ ಬಿದಿರು, ಅದನ್ನು ಬಿಗಿಯುವ ಬೆತ್ತ, ಮೇಲೆ ಜೌಗು ನೆಲದ ಹುಲ್ಲಿನ ಹೊದಿಕೆ. ಬಾಗಿಲು ಎಷ್ಟು ಚಿಕ್ಕದೆಂದರೆ ದೊಡ್ಡವರು ಮಂಡಿಯೂರಿಯೇ ಒಳಗೆ ಹೋಗಬೇಕು. ಸುತ್ತ ಕಲ್ಲಿನ ಗಿಡ್ಡ ಗೋಡೆ. ಇದು ಹೊತ್ತೊಯ್ಯುವ ಡೇರೆಯಲ್ಲ ಎಂಬುದನ್ನು ಗಮನಿಸಬೇಕು. ಇಷ್ಟು ಶ್ರಮದಿಂದ ಕಟ್ಟಿದ್ದನ್ನು ಯಾರೂ ಬಿಚ್ಚಿ ಹೆಗಲಿಗೇರಿಸುವುದಿಲ್ಲ. ತೋಡರ ಒಂದೊಂದು ಕುಲಕ್ಕೂ ಹಲವು ಮಂಡುಗಳು, ಅಂದರೆ ನೆಲೆಗಳು ಇದ್ದವು. ಡಿಸೆಂಬರ್-ಜನವರಿಯ ಇಬ್ಬನಿ ಹೆಪ್ಪುಗಟ್ಟಿ ಊಟಿ ಸುತ್ತಿನ ಹುಲ್ಲು ಕರಕಲಾದಾಗ ಪಶ್ಚಿಮದ ಕುಂದಾ ಸೀಮೆಯ ತೇವದ ಕಣಿವೆಗಳಲ್ಲಿ ಮೇವು ಇನ್ನೂ ಹಸಿರಾಗಿರುತ್ತದೆ. ಅತ್ತ ಹೋಗುವುದು, ಮುಂಗಾರಿನ ಜಡಿಮಳೆ ಕುಂದಾವನ್ನು ಹಿಡಿಯುವ ಮೊದಲೇ ಹಿಂದಿರುಗುವುದು, ಇದು ಕ್ರಮ. ಹೋದಲ್ಲಿ ಬೇರೆ ಮನೆ ಕಾದಿರುತ್ತಿತ್ತು. ಋತುವಿಗೊಂದು ವಿಳಾಸ ಎನ್ನಬಹುದು.

ಈ ಪ್ರಯಾಣ ಮನಬಂದಂತೆ ನಡೆಯುವ ಅಲೆದಾಟವಾಗಿರಲಿಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ಹೈನುಮನೆಯ ವ್ಯವಸ್ಥೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಲ್ಲಿ ಅಧ್ಯಯನ ನಡೆಸಿದ ಡಬ್ಲ್ಯು.ಎಚ್.ಆರ್. ರಿವರ್ಸ್ ಅವರು 1906ರಲ್ಲಿ ಪ್ರಕಟಿಸಿದ ಗ್ರಂಥದ ಬಹುಭಾಗ ಈ ಹೈನುಮನೆಗಳ ವಿಧಿವಿಧಾನಗಳಿಗೇ ಮೀಸಲು. ಪವಿತ್ರ ಎಮ್ಮೆಗಳ ಹಿಂಡುಗಳು ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಹೋಗುವ ದಿನ ಗೊತ್ತುಮಾಡಿದ್ದು, ಹಾಲು ಕರೆಯುವ ಪೂಜಾರಿ ಹೊರುವ ಪಾತ್ರೆಗಳು ಗೊತ್ತುಮಾಡಿದವು, ಒಳಗಿಡುವ ಪಾತ್ರೆ ಯಾವುದು ಹೊರಗಿಡುವ ಪಾತ್ರೆ ಯಾವುದು ಎಂಬುದಕ್ಕೂ ನಿಯಮ. ಮುಂದಿನ ನೆಲೆಯ ಹೈನುಮನೆಯನ್ನು ಶುದ್ಧಿ ಮಾಡಿಯೇ ಪ್ರವೇಶಿಸಬೇಕು. ಒಂದು ಮಠದ ಸ್ವಾಮಿಗಳು ಚಾತುರ್ಮಾಸ್ಯಕ್ಕೆ ಸ್ಥಳ ಬದಲಿಸುವಾಗ ಇರುವಷ್ಟೇ ಕಟ್ಟುನಿಟ್ಟು ಅಲ್ಲಿತ್ತು. ಇಂಥ ಸಮುದಾಯಕ್ಕೆ ನೆಲದ ಮೇಲೆ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಕಂಪನಿ ಸರ್ಕಾರ ಹೇಗೆ ಇತ್ಯರ್ಥ ಮಾಡಿತು?

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದರು, ಕೆಲವೇ ವರ್ಷಗಳಲ್ಲಿ ಊಟಿಯಲ್ಲಿ ಕಲ್ಲಿನ ಬಂಗಲೆ ಕಟ್ಟಿದರು. ಜಾಗ ತೆಗೆದುಕೊಂಡಿದ್ದು ತೋಡರಿಂದ. ಸಲಿವನ್ ಅವರ ನಡೆಯಲ್ಲಿ ಸ್ವಂತ ಲಾಭದ ಅಂಶ ಇಲ್ಲವೆನ್ನಲಾಗದು. ಆದರೆ ತೋಡರೇ ಈ ನೆಲದ ಒಡೆಯರು ಎಂದು ಅವರು ಪಟ್ಟು ಹಿಡಿದು ವಾದಿಸಿದರು ಎಂಬುದೂ ನಿಜ. ಅವರ ಕೈಯಲ್ಲಿದ್ದ ಪುರಾವೆಗಳಲ್ಲಿ ಒಂದು ನಮಗೆ ಹತ್ತಿರದ್ದು. ಮೈಸೂರು ಸೀಮೆಯಿಂದ ಬಂದು ಬೆಟ್ಟದಲ್ಲಿ ಹಟ್ಟಿಗಳನ್ನು ಕಟ್ಟಿಕೊಂಡ ಬಡಗರು ಬೆಳೆಯಲ್ಲಿ ಒಂದು ಪಾಲನ್ನು ಗುಡು ಎಂಬ ಹೆಸರಿನಲ್ಲಿ ತೋಡರಿಗೆ ಕೊಡುತ್ತಿದ್ದರು. ಉಳುವವನು ಧಾನ್ಯ ಅಳೆದು ಕೊಡುತ್ತಾನೆಂದರೆ ತೆಗೆದುಕೊಳ್ಳುವವನ ಹಕ್ಕನ್ನು ಒಪ್ಪಿದ ಹಾಗೆ ತಾನೆ ಎಂಬುದು ತರ್ಕ. ಎದುರು ಪಕ್ಷದ ತರ್ಕ ಬೇರೆ: ಇವರು ಉಳುವುದಿಲ್ಲ, ಬಿತ್ತುವುದಿಲ್ಲ, ವರ್ಷವಿಡೀ ಒಂದೆಡೆ ಇರುವುದೂ ಇಲ್ಲ, ಆದ್ದರಿಂದ ಇವರಿಗಿರುವುದು ಮೇಯಿಸುವ ಅವಕಾಶವೇ ಹೊರತು ಒಡೆತನವಲ್ಲ. 1840ರ ದಶಕದಲ್ಲಿ ಕಂಪನಿಯ ಆಡಳಿತ ಕೊನೆಗೆ ನಿಂತದ್ದು ಈ ಎರಡನೆಯ ನಿಲುವಿನ ಕಡೆಗೆ. ಮಂಡುಗಳ ಸುತ್ತ ಒಂದಿಷ್ಟು ಎಕರೆ ಗುರುತಿಸಿಕೊಟ್ಟರು. ಉಳಿದ ಹುಲ್ಲುಗಾವಲು ಸರ್ಕಾರದ ಬಂಜರಾಯಿತು. ವರ್ಷದ ಆರೇಳು ತಿಂಗಳು ಖಾಲಿ ಬಿದ್ದಿರುವ ಮನೆಯ ಮೇಲೆ ಹಕ್ಕು ಮುಕ್ಕಾಗುತ್ತದೆ ಎಂಬುದು ಈ ತೀರ್ಮಾನದ ಒಳಗಿನ ತತ್ತ್ವ.

ಅದೇ ತತ್ತ್ವವನ್ನು ಊಟಿಯ ರಾಜಭವನಕ್ಕೆ ಅನ್ವಯಿಸಿ ನೋಡಿ. 1870ರಿಂದೀಚೆಗೆ ಮದ್ರಾಸ್ ಸರ್ಕಾರ ವರ್ಷದ ಒಂದು ದೊಡ್ಡ ಭಾಗವನ್ನು ಇಲ್ಲೇ ಕಳೆಯುವುದು ರೂಢಿಯಾಯಿತು. ಗವರ್ನರ್, ಕೌನ್ಸಿಲ್ಲಿನ ಸದಸ್ಯರು, ಕಾರ್ಯದರ್ಶಿಗಳು, ಗುಮಾಸ್ತರು, ಬಾಣಸಿಗರು, ಬಟ್ಲರುಗಳು, ಕಬ್ಬಿಣದ ಪೆಟ್ಟಿಗೆಗಳಲ್ಲಿ ಕಡತಗಳು, ಎಲ್ಲವೂ ಮೇಲೆ ಬರುತ್ತಿದ್ದವು, ಹಾಗೇ ಇಳಿಯುತ್ತಿದ್ದವು. ಮೆಟ್ಟುಪಾಳ್ಯದಿಂದ ಕೂನೂರಿಗೆ ರೈಲು ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ಅದಕ್ಕೆ ಮುಂಚಿನ ದಶಕಗಳಲ್ಲಿ ಈ ಸಾಗಾಟವೆಲ್ಲ ಘಟ್ಟದ ರಸ್ತೆಯಲ್ಲಿ ಎತ್ತು, ಕುದುರೆ, ಕೂಲಿಯಾಳುಗಳ ಬೆನ್ನ ಮೇಲೆ. ಖರ್ಚಿನ ಬಗ್ಗೆ ಮದ್ರಾಸಿನ ವರ್ತಕರೂ ಪತ್ರಿಕೆಗಳೂ ಗೊಣಗಿದ್ದುಂಟು. ಆದರೆ ವರ್ಷದ ಅರ್ಧಭಾಗ ಖಾಲಿ ಇರುವ ಬಂಗಲೆಗೆ ಒಡೆತನ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1871ರಲ್ಲಿ, ಬ್ರಿಟಿಷ್ ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಮೊದಲು ಉತ್ತರದ ಪ್ರಾಂತಗಳಿಗಿದ್ದ ಇದು 1911ರ ತಿದ್ದುಪಡಿಯ ಬಳಿಕ ಮದ್ರಾಸ್ ಪ್ರೆಸಿಡೆನ್ಸಿಗೂ ಬಂತು. ಕರಾವಳಿಯ ಉಪ್ಪನ್ನು ಎತ್ತುಗಳ ಮೇಲೆ ಒಳನಾಡಿಗೆ ತಂದು ಧಾನ್ಯಕ್ಕೆ ಮಾರುತ್ತಿದ್ದ ಕೊರವರ ಕಸುಬನ್ನು ರೈಲು ಮತ್ತು ಸರ್ಕಾರದ ಉಪ್ಪಿನ ನೀತಿ ಮೊದಲು ಮುರಿದವು. ಕಸುಬು ಹೋದ ಮೇಲೂ ಹಳೆಯ ದಾರಿಯಲ್ಲಿ ತಿರುಗುತ್ತಿದ್ದಾರೆ ಎಂಬುದೇ ಆಮೇಲೆ ಅಪರಾಧದ ಲಕ್ಷಣವಾಯಿತು. ದಖ್ಖನ್ನಿನ ಸೈನ್ಯಗಳಿಗೆ ದವಸ ಹೊತ್ತ ಲಂಬಾಣಿಗಳ ಕಥೆಯೂ ಬೇರೆಯಲ್ಲ. ಕಾಯ್ದೆಯಡಿ ಬಂದ ಸಮುದಾಯಗಳವರು ಹಾಜರಿ ಹಾಕಿಸಬೇಕಿತ್ತು, ಊರು ಬಿಡುವಾಗ ಚೀಟಿ ಪಡೆಯಬೇಕಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು, ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾನೂನುಗಳು ಬಂದು ಕುಳಿತವು. ಊರಾಚೆ ಗುಡಾರ ಕಂಡರೆ ಠಾಣೆಗೆ ಸುದ್ದಿ ಮುಟ್ಟಿಸುವ ಚಾಳಿಯಂತೂ ಯಾವ ಕಾನೂನಿನ ಹಂಗಿಲ್ಲದೆಯೂ ಮುಂದುವರಿದಿದೆ.

ಈಗ ಹೊರದೇಶಗಳ ಕಡೆ ನೋಡೋಣ. ಎಲ್ಲ ದೇಶಗಳನ್ನೂ ಸಮನಾಗಿ ಸುತ್ತಿಸಲು ಹೋಗುವುದಿಲ್ಲ. ನನ್ನ ವಾದಕ್ಕೆ ಪರೀಕ್ಷೆ ಒಡ್ಡುವ ಮೂರು ನಾಲ್ಕು ಕಡೆ ಮಾತ್ರ ನಿಲ್ಲುತ್ತೇನೆ.

ಫ್ರಾನ್ಸ್ 1912ರಲ್ಲಿ ಒಂದು ಕಾನೂನು ಮಾಡಿತು. ಬಂಡಿಗಳಲ್ಲಿ ಬದುಕುವ ಜನ ಬೆರಳಚ್ಚು, ಮೈಯ ಅಳತೆಗಳಿರುವ ಗುರುತಿನ ಪುಸ್ತಕ ಇಟ್ಟುಕೊಳ್ಳಬೇಕು, ಊರಿಗೆ ಬಂದಾಗ ಒಂದು ಮೊಹರು, ಬಿಡುವಾಗ ಇನ್ನೊಂದು. 1969ರಲ್ಲಿ ಅದನ್ನು ತೆಗೆದು ಸಂಚಾರದ ಪುಸ್ತಕ ತಂದರು. ಸ್ಥಿರ ಆದಾಯವಿಲ್ಲದವರು ಮೂರು ತಿಂಗಳಿಗೊಮ್ಮೆ ಪೊಲೀಸರ ಮುಂದೆ ಅದನ್ನು ಹಿಡಿಯಬೇಕಿತ್ತು. ಮತದಾನಕ್ಕೆ ಒಂದು ಊರಿನ ಲೆಕ್ಕದಲ್ಲಿ ಮೂರು ವರ್ಷ ಇರಬೇಕಿತ್ತು. ಮನೆಯಿದ್ದ ಪ್ರಜೆಗೆ ಆರು ತಿಂಗಳು ಸಾಕಾಗಿತ್ತು. 2012ರಲ್ಲಿ ಅಲ್ಲಿನ ಸಂವಿಧಾನ ಮಂಡಳಿ ಇದರ ಕಠಿಣ ಭಾಗಗಳನ್ನು ಹೊಡೆದುಹಾಕಿತು, 2017ರಲ್ಲಿ ಪುಸ್ತಕದ ಪದ್ಧತಿಯೇ ಹೋಯಿತು. ಇದರ ಜೊತೆಗೇ 2000ದ ಕಾನೂನೊಂದು 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳು ಈ ಬಂಡಿಗಳಿಗೆ ತಂಗುದಾಣ ಒದಗಿಸಬೇಕೆಂದು ವಿಧಿಸಿದೆ. ಅನೇಕ ಊರುಗಳು ಅದನ್ನು ಊರ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿ, ಕಸದ ಗುಡ್ಡೆಯ ಪಕ್ಕದಲ್ಲಿ ಒದಗಿಸಿದವು ಎಂಬ ದೂರು ಇದೆ. ಇಷ್ಟೆಲ್ಲ ಆದರೂ ಕ್ಯಾರವಾನನ್ನು ವಾಸದ ಮನೆಯೆಂದು ಅಲ್ಲಿನ ಕಾನೂನು ಪೂರ್ತಿ ಒಪ್ಪಿಲ್ಲವಾದ್ದರಿಂದ ಮನೆ ಬಾಡಿಗೆಗೆ ಸಿಗುವ ಸರ್ಕಾರಿ ನೆರವು ಅವರಿಗೆ ಸಿಗುವುದಿಲ್ಲ. ಇತ್ತ ಬೇಸಿಗೆಯಲ್ಲಿ ಬಿಳಿ ಮೋಟರುಮನೆಗಳಲ್ಲಿ ಸಮುದ್ರತೀರ ಸೇರುವ ಪಿಂಚಣಿದಾರರಿಗೆ ಅದೇ ಊರುಗಳು ನೀರು, ವಿದ್ಯುತ್ತು ಇರುವ ನಿಲುಗಡೆ ಕಟ್ಟಿಕೊಡುತ್ತವೆ.

ಬ್ರಿಟನ್ನಿನದು ಇನ್ನೂ ಸ್ಪಷ್ಟ ಉದಾಹರಣೆ. 1960ರ ಕಾಯ್ದೆ ಕ್ಯಾರವಾನ್ ನಿಲ್ಲಿಸುವ ಜಾಗಕ್ಕೆ ಪರವಾನಗಿ ಬೇಕೆಂದಿತು. ಅಲ್ಲಿಯವರೆಗೆ ತೋಟಗಳ ಕೊಯ್ಲಿಗೆ ಬಂದು ರೈತರ ಹೊಲದಂಚಿನಲ್ಲಿ ತಂಗುತ್ತಿದ್ದ ಜಿಪ್ಸಿಗಳಿಗೆ ಆ ಜಾಗಗಳು ಒಂದೊಂದಾಗಿ ಮುಚ್ಚಿದವು. 1968ರ ಕಾಯ್ದೆ ಅವರಿಗೆ ಜಾಗ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದಿತು, 1994ರಲ್ಲಿ ಆ ಕರ್ತವ್ಯವನ್ನು ತೆಗೆದುಹಾಕಿದರು. 2022ರಲ್ಲಿ ಒಪ್ಪಿಗೆಯಿಲ್ಲದ ಜಾಗದಲ್ಲಿ ವಾಹನ ಸಮೇತ ಬಿಡಾರ ಹೂಡಿ, ಹೇಳಿದರೂ ಕದಲದಿರುವುದನ್ನು ಕೆಲವು ಸಂದರ್ಭಗಳಲ್ಲಿ ಕ್ರಿಮಿನಲ್ ಅಪರಾಧ ಮಾಡಿದರು. ಇದರ ಪಕ್ಕದಲ್ಲೇ ರಜೆಯ ಕ್ಯಾರವಾನುಗಳ ದೊಡ್ಡ ಉದ್ಯಮವಿದೆ. ಅಲ್ಲಿ ಜಾಗ ಪಡೆಯಬೇಕಾದರೆ ಬೇರೆಡೆ ಕಾಯಂ ಮನೆ ಇದೆಯೆಂದು ತೋರಿಸಬೇಕು. ಇದೇ ನಮ್ಮ ಮನೆ ಎಂದು ಯಾರೂ ಬೇರು ಬಿಡದಿರಲಿ ಎಂದು ಅನೇಕ ರಜಾ ತಾಣಗಳು ಚಳಿಗಾಲದಲ್ಲಿ ಕೆಲವು ವಾರ ಬಾಗಿಲು ಹಾಕುತ್ತವೆ. ಕ್ಯಾರವಾನಿನಲ್ಲಿ ವಾಸಿಸಬಹುದು, ಅದೊಂದೇ ವಾಸವಾಗಿರಬಾರದು. ನಾನು ಆರಂಭದಲ್ಲಿ ಹೇಳಿದ್ದನ್ನು ಇಷ್ಟು ನೇರವಾಗಿ ಕರಾರುಪತ್ರಕ್ಕೆ ಇಳಿಸಿದ ದೇಶ ಇನ್ನೊಂದನ್ನು ನಾನು ಕಂಡಿಲ್ಲ.

ಅಮೆರಿಕದ ವಿಷಯಕ್ಕೆ ಬಂದರೆ ನಮ್ಮ ಕಲ್ಪನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅಲ್ಲಿ ಮೊಬೈಲ್ ಹೋಮ್ ಎಂದು ಕರೆಯುವ ಮನೆಗಳಲ್ಲಿ ಸುಮಾರು 2 ಕೋಟಿ ಜನ ಇದ್ದಾರೆ. ಅವುಗಳಲ್ಲಿ ಬಹುಪಾಲು ಕಾರ್ಖಾನೆಯಿಂದ ಒಮ್ಮೆ ಬಂದು ಕೂತ ಮೇಲೆ ಕದಲುವುದೇ ಇಲ್ಲ. 1976ರ ಜೂನ್ 15ರಿಂದ ಇವುಗಳ ಕಟ್ಟೋಣಕ್ಕೆ ದೇಶವ್ಯಾಪಿ ಗುಣಮಟ್ಟ ಜಾರಿಗೆ ಬಂದಿದೆ. ಆದರೂ ಹಲವು ರಾಜ್ಯಗಳಲ್ಲಿ ಮನೆಯ ದಾಖಲೆ ಕಾರಿನ ದಾಖಲೆಯ ಹಾಗೆ ಚರಾಸ್ತಿಯ ಪಟ್ಟಿಯಲ್ಲಿರುತ್ತದೆ. ಸಾಲದ ಬಡ್ಡಿ ಹೆಚ್ಚು, ಬೆಲೆ ಇಳಿಯುತ್ತಾ ಹೋಗುತ್ತದೆ. ಮನೆ ತನ್ನದು, ಅಡಿಯ ನೆಲ ಇನ್ನೊಬ್ಬರದು. ನೆಲದ ಒಡೆಯ ಬಾಡಿಗೆ ಏರಿಸಿದರೆ ಮನೆಯನ್ನು ಬೇರೆಡೆ ಸಾಗಿಸಬಹುದು ಎಂಬುದು ಮಾತಿಗೆ ಮಾತ್ರ. ಸಾಗಿಸುವ ಖರ್ಚೇ ಎಷ್ಟೋ ಕುಟುಂಬಗಳಿಗೆ ನಿಲುಕದು, ಹಳೆಯ ಮನೆ ದಾರಿಯಲ್ಲೇ ಕಳಚಿ ಬೀಳುವ ಭಯ ಬೇರೆ. ಇದಕ್ಕೆ ಒಂದು ದಾರಿಯನ್ನು 1984ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನಿವಾಸಿಗಳು ಕಂಡುಕೊಂಡರು. ಸಹಕಾರ ಸಂಘ ಕಟ್ಟಿ ನೆಲವನ್ನೇ ಖರೀದಿಸಿದರು. ಸಹಕಾರ ಚಳವಳಿಯ ನಾಡಿನವರಾದ ನಾವು ಇದನ್ನು ಗಮನಿಸಬೇಕು.

ನಿಜಕ್ಕೂ ಚಲಿಸುವ ಮನೆಗಳಲ್ಲಿ ವರ್ಷಪೂರ್ತಿ ಇರುವವರೂ ಅಮೆರಿಕದಲ್ಲಿದ್ದಾರೆ. ನಿವೃತ್ತರು, ಮನೆ ಸಾಲ ಕಟ್ಟಲಾರದೆ ಮನೆ ಕಳೆದುಕೊಂಡವರು, ಸುಗ್ಗಿಯಿಂದ ಸುಗ್ಗಿಗೆ, ಗೋದಾಮಿನಿಂದ ಗೋದಾಮಿಗೆ ಕೆಲಸ ಹುಡುಕಿ ಹೋಗುವವರು. ಇವರಿಗೂ ಚಾಲನಾ ಪರವಾನಗಿ ಬೇಕು, ವಿಮೆ ಬೇಕು, ತೆರಿಗೆಯ ಕಾಗದ ಬರಬೇಕು. ಹಾಗಾಗಿ ಸೌತ್ ಡಕೋಟದಂಥ ರಾಜ್ಯದಲ್ಲಿ ಇದೇ ಒಂದು ವ್ಯವಹಾರವಾಗಿದೆ. ಅಂಚೆ ಪಡೆದು ಮುಂದಕ್ಕೆ ಕಳಿಸುವ ಕಂಪನಿಯ ವಿಳಾಸ ಪಡೆದು, ಆ ರಾಜ್ಯದಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿದರೆ ಪರವಾನಗಿ ದೊರೆಯುತ್ತದೆ. ಅಂದರೆ ಮನೆ ಇಲ್ಲದಿದ್ದರೂ ವ್ಯವಸ್ಥೆಗೆ ಅಡ್ಡಿಯಿಲ್ಲ, ವಿಳಾಸ ಇಲ್ಲದಿದ್ದರೆ ಮಾತ್ರ ಅಡ್ಡಿ. ಹಣ ಇದ್ದರೆ ವಿಳಾಸವನ್ನೂ ಬಾಡಿಗೆಗೆ ತರಬಹುದು.

ನನ್ನ ವಾದಕ್ಕೆ ಎದುರು ಸಾಕ್ಷಿಯಾಗಿ ಮಂಗೋಲಿಯವನ್ನು ತರಬಹುದು. ಅಲ್ಲಿ ಉಣ್ಣೆಯ ಹಾಸಿನ ಗೆರ್ ಮನೆ ರಾಷ್ಟ್ರದ ಅಭಿಮಾನದ ವಸ್ತು. ಅದನ್ನು ಕಟ್ಟುವ ಕುಶಲತೆಯನ್ನು ಯುನೆಸ್ಕೊ 2013ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅದಕ್ಕಿಂತ ಮುಖ್ಯವಾದದ್ದು ಅಲ್ಲಿನ ಭೂಕಾನೂನು. ಪಶುಪಾಲಕರು ಚಳಿಗಾಲದ ಮತ್ತು ವಸಂತದ ಬಿಡಾರದ ಜಾಗಗಳನ್ನು ತಮ್ಮ ಸ್ವಾಧೀನದಲ್ಲಿ ಇಟ್ಟುಕೊಳ್ಳಲು ದಾಖಲೆ ಪಡೆಯಬಹುದು. ಬೇಸಿಗೆಯ ಹುಲ್ಲುಗಾವಲು ಎಲ್ಲರ ಸಾಮೂಹಿಕ ಬಳಕೆಗೆ. ಋತುಮಾನದ ಹಕ್ಕನ್ನು ಬರಹದಲ್ಲಿ ಒಪ್ಪುವುದು ಸಾಧ್ಯ ಎಂದಾಯಿತು. ಆದರೆ ಭೀಕರ ಚಳಿಗಾಲಗಳಲ್ಲಿ ಹಿಂಡು ಕಳೆದುಕೊಂಡವರು ರಾಜಧಾನಿ ಉಲಾನ್‌ಬಾತರ್‌ನ ಅಂಚಿನಲ್ಲಿ ಅದೇ ಗೆರ್‌ಗಳನ್ನು ಹೂಡಿ, ಕಲ್ಲಿದ್ದಲು ಸುಟ್ಟು ಚಳಿ ಕಾಯಿಸಿಕೊಳ್ಳುತ್ತಾರೆ. ಬಯಲಲ್ಲಿ ಪರಂಪರೆ ಅನ್ನಿಸಿಕೊಂಡ ಮನೆ ನಗರದಲ್ಲಿ ಹೊಗೆಯ ಸಮಸ್ಯೆ ಅನ್ನಿಸಿಕೊಳ್ಳುತ್ತದೆ.

ಮರಳಿ ಬೆಟ್ಟಕ್ಕೆ ಬರೋಣ. ಅಮೆರಿಕದ ಮನೆ-ನೆಲದ ಬಿಕ್ಕಟ್ಟು ಈ ಜಿಲ್ಲೆಯ ಗೂಡಲೂರಿನವರಿಗೆ ವಿವರಿಸಬೇಕಾದ ಸಂಗತಿಯಲ್ಲ. ನಿಲಂಬೂರು ಕೋವಿಲಗಂ ಎಂಬ ಅರಸುಮನೆತನದ ಜನ್ಮಂ, ಅಂದರೆ ವಂಶಪಾರಂಪರ್ಯ ಒಡೆತನದ ಭೂಮಿಗಳನ್ನು ರೈತವಾರಿಗೆ ತರಲು ತಮಿಳುನಾಡು 1969ರಲ್ಲಿ ಕಾಯ್ದೆ ಮಾಡಿತು. ಅದರ 17ನೇ ಸೆಕ್ಷನ್ನಿಗೆ ಒಳಪಟ್ಟ ತೋಟದ ಜಮೀನುಗಳ ವ್ಯಾಜ್ಯ ದಶಕಗಟ್ಟಲೆ ನ್ಯಾಯಾಲಯ ಸುತ್ತಿತು. ಈ ನಡುವೆ ಅಲ್ಲಿ ಸಿಮೆಂಟಿನ ಮನೆ ಕಟ್ಟಿ ನೆಲೆಸಿದ ಸಾವಿರಾರು ಕುಟುಂಬಗಳಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದ್ದಕ್ಕೆ ವಿದ್ಯುತ್ ಸಂಪರ್ಕಕ್ಕೂ ತೊಡಕು. ‘ಸೆಕ್ಷನ್ 17’ ಎಂಬುದು ಅಲ್ಲಿ ಚಹಾ ಅಂಗಡಿಯಲ್ಲೂ ಕೇಳಿಬರುವ ಮಾತು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕಾರ್ಮಿಕರಿಗಾಗಿ ಸರ್ಕಾರ ನೆಡಿಸಿದ ಚಹಾ ತೋಟಗಳಲ್ಲಿ ಲೈನು ಮನೆಗಳಿವೆ. ಮನೆ ಕೆಲಸದ ಜೊತೆಗೆ ಬಂದದ್ದು, ನಿವೃತ್ತಿಯಾದರೆ ಮನೆಯನ್ನೂ ಬಿಡಬೇಕು. ಇವು ಯಾವುವೂ ಒಂದಂಗುಲ ಕದಲದ ಮನೆಗಳು. ಕಾನೂನಿನ ಕಣ್ಣಿಗೆ ಮಾತ್ರ ಇವುಗಳಿಗೆ ನೆಲೆಯಿಲ್ಲ. ಅದೇ ಗೂಡಲೂರಿನ ಪೇಟೆಯಲ್ಲಿ ಹಾದುಹೋಗುವ ಬಾಡಿಗೆಯ ಕ್ಯಾರವಾನಿಗೆ ನಂಬರ್ ಪ್ಲೇಟು, ವಿಮೆ, ಪರ್ಮಿಟ್ಟು, ಒಡೆಯನ ವಿಳಾಸ ಎಲ್ಲವೂ ಇವೆ. ನಮ್ಮ ಮೋಟಾರು ವಾಹನ ಕಾಯ್ದೆಯಂತೂ 12 ತಿಂಗಳಿಗಿಂತ ಹೆಚ್ಚು ಹೊರರಾಜ್ಯದಲ್ಲಿದ್ದ ವಾಹನ ಅಲ್ಲಿ ಹೊಸ ನೋಂದಣಿ ಪಡೆಯಬೇಕೆನ್ನುತ್ತದೆ. ಬಂಡಿಗೂ ವಿಳಾಸದ ಹಂಗು ತಪ್ಪಿಲ್ಲ.

ಕ್ಯಾರವಾನ್ ಎಂದರೆ ಕನ್ನಡ ಪತ್ರಿಕೆಗಳ ಓದುಗರಿಗೆ ತಟ್ಟನೆ ನೆನಪಾಗುವುದು ಚಿತ್ರೀಕರಣದ ಜಾಗದಲ್ಲಿ ನಾಯಕನಟ ವಿಶ್ರಮಿಸುವ ಬಸ್ಸು. ಈಗ ಅದು ಪ್ರವಾಸೋದ್ಯಮದ ಮಾತೂ ಆಗಿದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಪ್ರಕಟಿಸಿತು, ಕರ್ನಾಟಕವೂ ತನ್ನ ಪ್ರವಾಸೋದ್ಯಮ ನೀತಿಯಲ್ಲಿ ಅದಕ್ಕೆ ಜಾಗ ಕೊಟ್ಟಿದೆ. ಮೈಸೂರಿನಿಂದ ಊಟಿಗೆ ಬರುವವರ ದಾರಿಯಾದರೂ ಸಲೀಸಾಗಿಲ್ಲ. 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ತೆಪ್ಪಕಾಡು ದಾಟಿ ಮಸಿನಗುಡಿಗೆ ತಿರುಗಿದರೆ ಕಲ್ಲಹಟ್ಟಿ ಘಾಟಿಯ 36 ತಿರುವುಗಳು. ಹುಲಿ ಮೀಸಲು ಪ್ರದೇಶದ ರಸ್ತೆಯಂಚಿನಲ್ಲಿ ಬಂಡಿ ನಿಲ್ಲಿಸಿ ಮಲಗುವಂತಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳೆಂದು ಮಿತಿ ಹಾಕಿದರು. ಈ ನಿರ್ಬಂಧಗಳನ್ನು ನಾನು ಆಕ್ಷೇಪಿಸುತ್ತಿಲ್ಲ. ಬೆಟ್ಟದ ನೀರು, ಕಸ, ರಸ್ತೆ ಇಷ್ಟನ್ನು ನೋಡಿದವರು ಯಾರೂ ಆಕ್ಷೇಪಿಸಲಾರರು. ನಾನು ಬೊಟ್ಟು ಮಾಡುವುದು ಬೇರೊಂದು ಕಡೆಗೆ.

ಮಸಿನಗುಡಿಯ ಸೀಗೂರು ಪ್ರಸ್ಥಭೂಮಿ ಆನೆಗಳ ಹಳೆಯ ದಾರಿ. ಪೂರ್ವಘಟ್ಟಕ್ಕೂ ಪಶ್ಚಿಮಘಟ್ಟಕ್ಕೂ ನಡುವೆ ಅವು ಋತುಮಾನಕ್ಕೆ ತಕ್ಕಂತೆ ಹೋಗಿಬರುತ್ತವೆ. ಆ ದಾರಿಗೆ ಅಡ್ಡಲಾಗಿದ್ದ ರೆಸಾರ್ಟುಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಬೀಗ ಬಿತ್ತು. 2020ರ ಅಕ್ಟೋಬರ್ 14ರಂದು ಆನೆ ಪಥದ ಅಧಿಸೂಚನೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಒಳ್ಳೆಯ ತೀರ್ಪು. ವರ್ಷವಿಡೀ ಒಂದೇ ಜಾಗದಲ್ಲಿ ಇರದಿದ್ದರೂ ಹಾದುಹೋಗುವ ಹಕ್ಕು ಹಕ್ಕೇ ಎಂಬ ತಿಳಿವು ಅದರಲ್ಲಿದೆ. ತೋಡರ ವಿಷಯದಲ್ಲಿ 1840ರ ದಶಕದಲ್ಲಿ ಒಪ್ಪದೆ ಹೋದ ತರ್ಕವೇ ಇದು. ಅದೇ ಪ್ರಸ್ಥಭೂಮಿಯಲ್ಲಿ ದನಗಳ ಪಟ್ಟಿಗಳು, ಅಂದರೆ ದೊಡ್ಡಿಗಳು ಇದ್ದವು. ಬೆಳಿಗ್ಗೆ ಕಾಡಿಗೆ ಹೊಡೆದ ನಾಟಿ ದನಗಳನ್ನು ಸಂಜೆ ಮುಳ್ಳುಬೇಲಿಯೊಳಗೆ ಕೂಡಿ, ಗೊಬ್ಬರವನ್ನು ಕೇರಳದ ತೋಟಗಳಿಗೆ ಲಾರಿಯಲ್ಲಿ ಮಾರುವ ಜೀವನ. 2022ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನು ಪೂರ್ತಿ ನಿಷೇಧಿಸಿ, ಆಮೇಲೆ ಅದನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು. ಮುದುಮಲೆಯ ಅಂಚಿನ ಈ ಹಳ್ಳಿಗಳಿಗೆ ಆ ಸಡಿಲಿಕೆಯಿಂದ ಹೆಚ್ಚು ಪ್ರಯೋಜನವಿಲ್ಲ. ಆನೆಗೆ ಸಿಕ್ಕ ದಾರಿಯ ಹಕ್ಕು ಆಕಳ ಹಿಂದೆ ಹೋಗುವ ಮನುಷ್ಯನಿಗೆ ಸಿಗಲಿಲ್ಲ. ದನಗಳಿಂದ ಕಾಡಿಗೆ ರೋಗ ತಗಲುತ್ತದೆ, ಮೇವಿಗೆ ಪೈಪೋಟಿ ಆಗುತ್ತದೆ ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಎಷ್ಟು ದನ, ಯಾವ ತಿಂಗಳು, ಯಾವ ಕಣಿವೆ ಎಂದು ಕೇಳಿ ಗೆರೆ ಎಳೆಯುವ ಬದಲು ಇಡಿಯಾಗಿ ಮುಚ್ಚುವುದು ಆಡಳಿತಕ್ಕೆ ಸುಲಭ, ಅಷ್ಟೆ.

ಕರ್ನಾಟಕದ ಕುರಿಗಾರರಲ್ಲಿ ಚಲಿಸುವ ಮನೆಯ ಒಂದು ಜೀವಂತ ರೂಪ ಕಾಣಬಹುದು. ಬೆಳಗಾವಿ, ಬಾಗಲಕೋಟೆ ಕಡೆಯ ಹಿಂಡು ಸಾಗುವಾಗ ಜೊತೆಗೊಂದು ತಟ್ಟು ಕುದುರೆ ಇರುತ್ತದೆ. ಅದರ ಬೆನ್ನ ಮೇಲೆ ಹಿಟ್ಟಿನ ಚೀಲ, ರೊಟ್ಟಿ ಹಂಚು, ಕಂಬಳಿ, ಮೇಲ್ಗಡೆ ಕಾಲು ಕಟ್ಟಿದ ಕೋಳಿ, ನಡೆಯಲಾರದ ಎಳೆ ಮರಿಗಳು. ಸಂಜೆ ಯಾವುದೋ ರೈತನ ಕೊಯ್ಲಾದ ಹೊಲದಲ್ಲಿ ಕುರಿ ತರುಬುತ್ತಾರೆ. ರಾತ್ರಿಯ ಹಿಕ್ಕೆ, ಗಂಜಲ ಹೊಲಕ್ಕೆ, ಅದಕ್ಕೆ ಬದಲು ಕಾಳು ಅಥವಾ ಹಣ ಕುರಿಗಾರನಿಗೆ. ಬಡಗರ ಗುಡುವನ್ನು ನೆನಪಿಸುವ ಕೊಡುಕೊಳೆ ಇದು. ನೆಲ ಉಳುವವನಿಗೂ ಹಾದುಹೋಗುವವನಿಗೂ ನಡುವೆ ಯಾವ ಇಲಾಖೆಯೂ ಬರೆದುಕೊಡದ ಕರಾರು. ಹೊಲಗಳಿಗೆ ನೀರಾವರಿ ಬಂದು ವರ್ಷಕ್ಕೆ ಎರಡು ಮೂರು ಬೆಳೆಯಾದಲ್ಲಿ ಕರಾರು ಕಡಿಯುತ್ತಿದೆ. ಬೇಲಿ ಬಂದಲ್ಲಿ ಜಗಳ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಲನೆಯ ಬದುಕನ್ನು ಹಾಡಿ ಹೊಗಳುವುದು ನಿಂತ ಮನೆಯಲ್ಲಿರುವವರ ಹವ್ಯಾಸ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ತಾಂಡಾ ಕುಟುಂಬಗಳಿಗೆ ಪ್ರಧಾನಿಯವರು ಹಕ್ಕುಪತ್ರ ವಿತರಿಸಿದರು. ಯಾವ ಲಂಬಾಣಿ ತಾಯಿಯೂ ಆ ಕಾಗದ ಬೇಡ, ನನಗೆ ದಾರಿಯೇ ಸಾಕು ಎನ್ನುವುದಿಲ್ಲ. ಸರಿಯಾದ ಶಾಲೆ, ಹೆರಿಗೆಗೆ ಆಸ್ಪತ್ರೆ, ಬ್ಯಾಂಕಿನ ಸಾಲ ಇವೆಲ್ಲ ಹಕ್ಕುಪತ್ರದ ಹಿಂದೆಯೇ ಬರುತ್ತವೆ. ತೋಡರಲ್ಲೂ ಹೆಚ್ಚಿನವರು ಈಗ ಕಾಂಕ್ರೀಟ್ ಮನೆಗಳಲ್ಲಿದ್ದಾರೆ, ಕ್ಯಾರೆಟ್ಟು, ಆಲೂಗಡ್ಡೆ ಬೆಳೆಯುತ್ತಾರೆ. ಆಯ್ಕೆ ಮಾಡಿ ನಿಂತವರೂ ಇದ್ದಾರೆ. ದಾರಿಯೇ ಮುಚ್ಚಿಹೋಗಿ ನಿಂತವರೂ ಇದ್ದಾರೆ. ಐವತ್ತರ ದಶಕದಲ್ಲಿ ಕೆನಡಾದ ನೆರವಿನಿಂದ ಆರಂಭವಾದ ಕುಂದಾ ಜಲವಿದ್ಯುತ್ ಯೋಜನೆಯ ಜಲಾಶಯಗಳಲ್ಲಿ, ಅದಕ್ಕೂ ಮುಂಚಿನ ಪೈಕಾರದಲ್ಲಿ, ಹುಲ್ಲುಗಾವಲುಗಳು ಮುಳುಗಿದವು. ಉಳಿದ ಇಳಿಜಾರುಗಳಲ್ಲಿ ಅರಣ್ಯ ಇಲಾಖೆ ವಾಟಲ್, ನೀಲಗಿರಿ, ಪೈನ್ ನೆಟ್ಟಿತು. ತೊಗಟೆ ಚರ್ಮ ಹದಮಾಡಲು, ಮರ ರೇಯಾನ್ ಕಾರ್ಖಾನೆಗೆ. ಹುಲ್ಲಿಲ್ಲದ ಕುಂದಾಕ್ಕೆ ಎಮ್ಮೆ ಹೊಡೆದುಕೊಂಡು ಹೋಗಿ ಮಾಡುವುದೇನು? ಹೀಗೆ ನಿಂತದ್ದನ್ನು ಆಯ್ಕೆ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮನೆಗೂ ಹಕ್ಕಿಗೂ ಇರುವ ಗಂಟನ್ನು ಸಡಿಲಿಸುವ ಕೆಲಸ ನಮ್ಮಲ್ಲಿ ಅಲ್ಪಸ್ವಲ್ಪ ಆರಂಭವಾಗಿದೆ. ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಅಕ್ಕಿ ಈಗ ಮನುಷ್ಯನ ಜೊತೆಗೆ ನಡೆಯುತ್ತದೆ. ಮನೆಯಿಲ್ಲದವನು ಮತದಾರನಾಗಬೇಕಾದರೆ ಚುನಾವಣಾ ಆಯೋಗದ ಸೂಚನೆಯಂತೆ ಮತಗಟ್ಟೆ ಅಧಿಕಾರಿ ರಾತ್ರಿ ಹೋಗಿ, ಅವನು ಹೇಳಿದ ಜಾಗದಲ್ಲೇ ಮಲಗಿದ್ದಾನೆಯೇ ಎಂದು ನೋಡಿ ಖಾತ್ರಿ ಮಾಡಿಕೊಂಡರೆ ಸಾಕು, ಕಾಗದ ಬೇಕಿಲ್ಲ. ಮಲಗುವ ಜಾಗವೇ ವಿಳಾಸ. ಆದರೂ ಇಷ್ಟು ಸಾಲದು. ಪಡಿತರ, ಮತ ಇವೆರಡೂ ವ್ಯಕ್ತಿಯ ಹಕ್ಕುಗಳು. ಹುಲ್ಲುಗಾವಲು, ನೀರಿನ ತಾಣ, ಹಾದುಹೋಗುವ ದಾರಿ ಇವು ಸಮುದಾಯದ ಹಕ್ಕುಗಳು, ಅವು ಬರೆಯಲ್ಪಟ್ಟಿರುವುದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಅದರ 3ನೇ ಸೆಕ್ಷನ್ ಒಂದೆಡೆ ನೆಲೆನಿಂತವರ ಮೇವಿನ ಜೊತೆಗೆ ಋತುಮಾನಕ್ಕೆ ವಲಸೆ ಹೋಗುವವರ ಮೇವನ್ನೂ ಅಲೆಮಾರಿ ಪಶುಪಾಲಕರ ಬಳಕೆಯನ್ನೂ ಹೆಸರಿಸಿ ಹಕ್ಕೆಂದು ಒಪ್ಪಿದೆ. ಕಂಪನಿ ಸರ್ಕಾರ ಕೇವಲ ಅವಕಾಶ ಎಂದಿದ್ದನ್ನು ಸಂಸತ್ತು ಹಕ್ಕು ಎಂದಿತು. ತಮಿಳುನಾಡಿನಲ್ಲಿ ನ್ಯಾಯಾಲಯದ ತಡೆಯಿಂದಾಗಿ ಹಕ್ಕುಪತ್ರ ಕೊಡುವುದು 2016ರವರೆಗೆ ನಿಂತೇ ಇತ್ತು. ಆಮೇಲೂ ಗಮನ ಹೋದದ್ದು ಹೆಚ್ಚಾಗಿ ಮನೆ, ಹೊಲಗಳ ಅರ್ಜಿಗಳ ಕಡೆಗೆ.

ಋತುಮಾನದ ಹಕ್ಕಿನ ಅರ್ಜಿಯಲ್ಲಿ ಒಂದು ಸಹಜ ತೊಡಕಿದೆ. ಅರ್ಜಿ ಗ್ರಾಮಸಭೆಗೆ ಬರಬೇಕು. ವರ್ಷಕ್ಕೆ ಮೂರು ತಿಂಗಳು ಬಂದು ಹೋಗುವವನು ಯಾವ ಗ್ರಾಮಸಭೆಯ ಸದಸ್ಯ? ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದ ದಿನ ಅವನು ಅಲ್ಲಿರದಿದ್ದರೆ ಖಾಲಿ ಹುಲ್ಲುಗಾವಲು ಕಾಣುತ್ತದೆ, ಬಳಕೆಯಲ್ಲಿಲ್ಲ ಎಂದು ಷರಾ ಬೀಳುತ್ತದೆ. ಸಲಿವನ್ ಕಾಲದ ಜಗಳವೇ ಮತ್ತೆ ಎದುರಾಗುತ್ತದೆ. ನಿಯಮ ರೂಪಿಸಿದವರಿಗೆ ಇದು ಹೊಳೆದಿತ್ತು. 2008ರಲ್ಲಿ ಜಾರಿಗೆ ಬಂದ ನಿಯಮಗಳಲ್ಲಿ 12ನೆಯದು, ಪಶುಪಾಲಕರ ಮತ್ತು ಅಲೆಮಾರಿ ಬುಡಕಟ್ಟುಗಳ ಅರ್ಜಿಗಳನ್ನು ಅವರು ಅಥವಾ ಅವರ ಪ್ರತಿನಿಧಿಗಳು ಅಲ್ಲಿರುವ ಹೊತ್ತಿನಲ್ಲೇ ಪರಿಶೀಲಿಸಬೇಕೆಂದು ಹೇಳುತ್ತದೆ. ಕುಂದಾದ ಮಟ್ಟಿಗೆ ಆ ಹೊತ್ತು ಜನವರಿಯಿಂದ ಮುಂಗಾರಿನ ಮುಂಚಿನ ತಿಂಗಳುಗಳು. ಸೀಗೂರಿನ ಪಟ್ಟಿಗಳ, ಬಯಲುಸೀಮೆಯ ಕುರಿದಾರಿಗಳ ತಿಂಗಳುಗಳು ಬೇರೆ. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗಳು ತಮ್ಮ ಪರಿಶೀಲನೆಯ ವೇಳಾಪಟ್ಟಿಯನ್ನು ಈ ಪಂಚಾಂಗಕ್ಕೆ ಹೊಂದಿಸಿಕೊಳ್ಳಲು ಹೊಸ ಕಾನೂನು ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಯಾವ ಹುಲ್ಲುಗಾವಲಿಗೆ ಯಾವ ತಿಂಗಳು ಯಾರು ಬರುತ್ತಾರೆ ಎಂದು ಬಲ್ಲ ಹಿರಿಯರು ಇನ್ನೂ ಬದುಕಿದ್ದಾರೆ. ಅವರನ್ನು ಕೂರಿಸಿಕೊಂಡು ಆ ಪಟ್ಟಿಯನ್ನು ಬರೆದುಕೊಳ್ಳುವ ಕೆಲಸ ಈ ಜಿಲ್ಲೆಯ ಕಾಲೇಜುಗಳಿಂದಲೇ ಆಗಬಹುದು. ಮುಂದಿನ ಡಿಸೆಂಬರ್ ಒಳಗೆ ಅದು ಆರಂಭವಾದರೆ ಕುಂದಾದ ಋತುವಿಗೆ ಸರಿಹೋಗುತ್ತದೆ.